ಮೂರು ದಿನದ ತಿರುಕುಲ, ಹತ್ತು ತಿಂಗಳ ಮೇಷ್ಟ್ರು

ಖಾಸಗಿ ಶಾಲೆಗಳಲ್ಲಿ ಜಾತಿ ಇಲ್ಲ, ಅಲ್ಲಿ ಪ್ರತಿಭೆ ಒಂದೇ ನೋಡುತ್ತಾರೆ ಎಂದು ಹೇಳುವ ಮಹನೀಯರು ಒಂದು ಕೆಲಸ ಮಾಡಲಿ. ಮೇ ತಿಂಗಳಲ್ಲಿ ಒಂದು ದಿನ ಮೇಲುಕೋಟೆಯಲ್ಲಿ ಬೆಳಗಿನ ಬಸ್ಸು ಹತ್ತಲಿ. ಕಂಕುಳಲ್ಲಿ ಬಿ.ಎಡ್. ಮಾರ್ಕ್ಸ್‌ಕಾರ್ಡಿನ ಫೈಲು ಇರಲಿ. ಜಕ್ಕನಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರಿಗೆ ಹೋಗಲಿ. ಅಲ್ಲಿ ನಮ್ಮಪ್ಪನ ಹೆಸರನ್ನು ತಮ್ಮಪ್ಪನ ಹೆಸರೆಂದು ಹೇಳಲಿ, ನಮ್ಮ ಕೇರಿಯ ವಿಳಾಸವನ್ನು ತಮ್ಮ ವಿಳಾಸವೆಂದು ಬರೆಯಲಿ. ಸಂಜೆ ವಾಪಸು ಬಂದ ಮೇಲೆ ಪ್ರತಿಭೆಯ ವಿಷಯ ಮಾತಾಡೋಣ.

ನಾವು ಹೋಗಿ ಬಂದವರು. ನಾವು ಎಂದರೆ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ಈ ನಾಲ್ಕು ತಾಲ್ಲೂಕಿನ ಕೇರಿಗಳಿಂದ ಡಿಗ್ರಿ ಮುಗಿಸಿ ಹೊರಟ ಹುಡುಗ ಹುಡುಗಿಯರು. ನಮ್ಮ ಅಪ್ಪ ಅವ್ವ ಕಬ್ಬು ಕಡಿದವರು, ಗದ್ದೆ ನಾಟಿ ಹಾಕಿದವರು. ಹೆಬ್ಬೆಟ್ಟು ಒತ್ತಿದ ಮನೆಯಲ್ಲಿ ಮೊದಲು ಸಹಿ ಹಾಕಿದವರು ನಾವು. ನಮಗೆ ಗೊತ್ತಿರುವ ದೊಡ್ಡ ಕೆಲಸ ಅಂದರೆ ಮೇಷ್ಟ್ರ ಕೆಲಸ. ಕೇರಿಗೆ ಬಂದು ಹೋಗುತ್ತಿದ್ದವರಲ್ಲಿ ಕೈಯಲ್ಲಿ ದೊಣ್ಣೆ ಇಲ್ಲದೆ, ಲೆಕ್ಕದ ಪುಸ್ತಕ ಇಲ್ಲದೆ ಬರುತ್ತಿದ್ದವರು ಅವರೊಬ್ಬರೇ. ಅದಕ್ಕೇ ಬಿ.ಎಡ್. ಮಾಡಿದೆವು.

ಸರ್ಕಾರಿ ಕೆಲಸ ಯಾಕೆ ಹುಡುಕಲಿಲ್ಲ ಎನ್ನಬೇಡಿ. ಅದಕ್ಕೂ ಬರೆದಿದ್ದೇವೆ, ಬರೆಯುತ್ತಲೇ ಇದ್ದೇವೆ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಅಂಥ ಕರೆ ಬರುವುದು ಮಳೆ ಬಾರದ ವರ್ಷದಲ್ಲಿ ಮೋಡ ಕಂಡ ಹಾಗೆ. ಒಂದು ಕರೆಗೂ ಇನ್ನೊಂದು ಕರೆಗೂ ನಡುವೆ ಹೊಟ್ಟೆ ಇರುತ್ತದೆ. ಅತಿಥಿ ಶಿಕ್ಷಕ ಎಂಬ ಇನ್ನೊಂದು ಹೆಸರಿದೆ. 2022ರಲ್ಲಿ ಆ ಅತಿಥಿಯ ಗೌರವಧನವನ್ನು ಹೆಚ್ಚಿಸಿ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000 ರೂಪಾಯಿ ಮಾಡಿದರು. ಅತಿಥಿಗೆ ಇಷ್ಟು ಕಡಿಮೆ ಉಣಬಡಿಸಿದ ಮನೆ ಈ ಸೀಮೆಯಲ್ಲಿ ಮತ್ತೊಂದಿಲ್ಲ. ಹಾಗಾಗಿ ಖಾಸಗಿ ಶಾಲೆಯ ಬಾಗಿಲಿಗೆ ಹೋಗುತ್ತೇವೆ.

ಸುತ್ತಮುತ್ತಲ ಊರಿನ ಖಾಸಗಿ ಶಾಲೆಯಲ್ಲಿ ಜಾತಿ ಕೇಳುವುದೇ ಇಲ್ಲ. ಕೇಳುವ ಅಗತ್ಯವೇ ಇಲ್ಲವಲ್ಲ! ಯಾರ ಮಗ, ಅವರಪ್ಪ ಯಾರ ಗದ್ದೆಗೆ ಹೋಗುತ್ತಿದ್ದ, ಎಲ್ಲ ಅವರಿಗೆ ಬಾಯಿಪಾಠ. "ನೀನು ಚೆನ್ನಾಗಿ ಓದಿದ್ದೀಯ ಕಣಪ್ಪಾ, ನಮಗೇನೂ ಇಲ್ಲ, ಮಕ್ಕಳ ಅಪ್ಪ ಅಮ್ಮ ಒಪ್ಪಬೇಕಲ್ಲ" ಅನ್ನುತ್ತಾರೆ. ಆ ಅಪ್ಪ ಅಮ್ಮ ಎಲ್ಲಿ ಸಭೆ ಸೇರಿ ಒಪ್ಪುವುದಿಲ್ಲ ಎಂದು ಠರಾವು ಮಾಡಿದರೋ ನಮಗೆ ಇಂದಿಗೂ ಸಿಕ್ಕಿಲ್ಲ. ಇಲ್ಲಿ ಗೊತ್ತಿರುವುದೇ ತೊಂದರೆ, ಗೊತ್ತಿಲ್ಲದ ಊರಿಗೆ ಹೋಗೋಣ ಎಂದು ಮೈಸೂರಿಗೆ, ಬೆಂಗಳೂರಿಗೆ ಬಸ್ಸು ಹತ್ತುತ್ತೇವೆ. ಅಲ್ಲಿ ಗೊತ್ತಿಲ್ಲ, ಅದಕ್ಕೇ ಕೇಳುತ್ತಾರೆ.

ಹೇಗೆ ಕೇಳುತ್ತಾರೆ ಎಂಬುದನ್ನು ಬರೆದಿಡಬೇಕು.

"ಯಾವೂರು?"

"ಮೇಲುಕೋಟೆ ಸಾರ್."

ಸೆಕ್ರೆಟರಿಯ ಮುಖದಲ್ಲಿ ನೂರು ಕ್ಯಾಂಡಲಿನ ಬಲ್ಬು. "ಓಹೋ! ಚೆಲುವನಾರಾಯಣಸ್ವಾಮಿ! ವೈರಮುಡಿ! ಪುಳಿಯೋಗರೆ! ಊರಲ್ಲಿ ಎಲ್ಲಪ್ಪಾ, ಕಲ್ಯಾಣಿ ಹತ್ತಿರವಾ?"

"ಇಲ್ಲ ಸಾರ್. ಊರಾಚೆ."

"ಆಚೆ ಅಂದ್ರೆ? ಮನೆದೇವ್ರು ಯಾವ್ದು ನಿಮ್ಮದು?"

ಮನೆದೇವರ ಹೆಸರು ಹೇಳಿದ ತಕ್ಷಣ ಬಲ್ಬು ಆರುತ್ತದೆ. ಆಮೇಲೆ ನಮ್ಮ ಕನ್ನಡ ಎಂ.ಎ. ಅಂಕ, ನಾವು ಬರೆದ ಪದ್ಯ, ಡೆಮೊ ಕ್ಲಾಸಿನಲ್ಲಿ ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದ್ದು, ಯಾವುದಕ್ಕೂ ಲೆಕ್ಕವಿಲ್ಲ. "ಫೋನ್ ಮಾಡ್ತೀವಿ" ಅನ್ನುತ್ತಾರೆ. ಆ ಫೋನು ಬರುವುದಿಲ್ಲ ಎಂದು ತಿಳಿಯಲು ಪದವಿ ಬೇಕಿಲ್ಲ.

ಇನ್ನು ಕೆಲವರು ಮನೆದೇವರವರೆಗೂ ಹೋಗುವುದಿಲ್ಲ. ಅವರು ನಾಗರಿಕರು. ಅರ್ಜಿ ಫಾರಂ ಕೊಡುತ್ತಾರೆ. ಅದರಲ್ಲಿ ಹೆಸರು, ತಂದೆಯ ಹೆಸರು, ವಿದ್ಯಾರ್ಹತೆ, ಆಮೇಲೆ ಒಂದು ಕಾಲಂ: ಜಾತಿ. ಸ್ವಾಮಿ, ನಿಮ್ಮ ಶಾಲೆಗೆ ಅನುದಾನ ಇಲ್ಲ, ರೋಸ್ಟರ್ ಇಲ್ಲ, ಮೀಸಲಾತಿ ಎಂಬ ಮಾತು ಕಿವಿಗೆ ಬಿದ್ದರೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ ಆಡುತ್ತೀರಿ. ಮತ್ತೆ ಈ ಕಾಲಂ ಯಾಕೆ? ಮೀಸಲು ಕೊಡದವನಿಗೆ ಜಾತಿ ತಿಳಿದು ಆಗಬೇಕಾದ್ದೇನು? ಕೊಡುವುದಕ್ಕೆ ಕೇಳುವ ಕಾಲಂ ಸರ್ಕಾರದ್ದು, ಕಳೆಯುವುದಕ್ಕೆ ಕೇಳುವ ಕಾಲಂ ನಿಮ್ಮದು.

ಮೇಲುಕೋಟೆಯ ಹೆಸರು ಬಂತಲ್ಲ, ಆ ಊರಿನ ಕತೆಯನ್ನೂ ಹೇಳಿಬಿಡೋಣ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿದ್ದರು. ಉತ್ಸವಮೂರ್ತಿ ದೆಹಲಿಯ ಅರಮನೆ ಸೇರಿತ್ತಂತೆ. ಆಚಾರ್ಯರು ಅದನ್ನು ತರುವಾಗ ದಾರಿಯಲ್ಲಿ ಕಾದು ಉಳಿಸಿಕೊಟ್ಟವರು ನಮ್ಮವರಂತೆ. ಅದಕ್ಕೆ ಮೆಚ್ಚಿ 'ತಿರುಕುಲ' ಎಂದು ಹೆಸರಿಟ್ಟರು, ವರ್ಷಕ್ಕೆ ಮೂರು ದಿನ ಗುಡಿಯೊಳಕ್ಕೆ ಬರಬಹುದು ಎಂದರು. ಅದೂ ಧ್ವಜಸ್ತಂಭದವರೆಗೆ. ಮೂರು ದಿನ ಮುಗಿದ ಮೇಲೆ ಗುಡಿಗೆ ಶುದ್ಧಿ. ಇದು ಐತಿಹ್ಯ. ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳಲ್ಲೂ ಈ ಮೂರು ದಿನದ ಹಕ್ಕು ದಾಖಲಾಗಿದೆ. ಇವತ್ತಿಗೂ ಸಭೆಗಳಲ್ಲಿ ಇದನ್ನು ಸಮಾನತೆಯ ಮೊದಲ ಪಾಠ ಎಂದು ಹೊಗಳುವವರು ಇದ್ದಾರೆ.

ಆಚಾರ್ಯರ ಮನಸ್ಸಿನ ವಿಷಯ ನಮಗೆ ಬೇಡ. ಅವರ ಕಾಲಕ್ಕೆ ಅದು ದೊಡ್ಡದೇ ಇರಬಹುದು. ಆದರೆ ಲೆಕ್ಕ ನೋಡಿ. ದೇವರನ್ನು ಹೊತ್ತು ತಂದವನಿಗೆ ಮೂರು ದಿನ, ತರದವನಿಗೆ ಮುನ್ನೂರ ಅರವತ್ತೈದು ದಿನ. ಅದನ್ನೂ ನಾವು ಎಂಟು ನೂರು ವರ್ಷ ಹೆಮ್ಮೆ ಎಂದು ಹೇಳಿಕೊಂಡೆವು. 1950ರಲ್ಲಿ ಸಂವಿಧಾನದ 17ನೇ ವಿಧಿ ಬಂದು ಈ ಮೂರು ದಿನದ ಲೆಕ್ಕವನ್ನು ಹರಿದು ಹಾಕಿತು. ಗುಡಿಯಲ್ಲಿ ಹರಿದ ಲೆಕ್ಕವನ್ನು ಖಾಸಗಿ ಶಾಲೆಯವರು ಹೆಕ್ಕಿಕೊಂಡು ಅಂಟಿಸಿಕೊಂಡಿದ್ದಾರೆ.

ಕೆಲಸ ಸಿಕ್ಕವರ ಗತಿ ಕೇಳಿ. ಸಿಗುವುದೇ ಇಲ್ಲ ಎಂದಲ್ಲ. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು. ಯಾವ ಬೋರ್ಡಿನ ಶಾಲೆಯೇ ಆಗಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎಂದಾಯಿತು. ಇಂಗ್ಲಿಷ್ ಶಾಲೆಗಳಿಗೆ ಒಬ್ಬ ಕನ್ನಡ ಮೇಷ್ಟ್ರು ಬೇಕಾದ. ಆ ಸಂದಿಯಲ್ಲಿ ನಮ್ಮಲ್ಲಿ ಕೆಲವರು ಒಳಗೆ ನುಗ್ಗಿದ್ದಾರೆ. ಒಳಗೆ ಹೋದರೆ ಧ್ವಜಸ್ತಂಭದವರೆಗೆ ಮಾತ್ರ. ಗಣಿತದವರಿಗೆ ಒಂದು ಸಂಬಳ, ಇಂಗ್ಲಿಷಿನವರಿಗೆ ಒಂದು ಸಂಬಳ, ಕನ್ನಡದವನಿಗೆ ಉಳಿದದ್ದು. ಬಸ್ ಡ್ಯೂಟಿ ಕನ್ನಡದವನಿಗೆ. ಯಾರಾದರೂ ರಜೆ ಹಾಕಿದರೆ ಆ ಕ್ಲಾಸೂ ಕನ್ನಡದವನಿಗೆ. ನವೆಂಬರ್ ಒಂದರಂದು ಮಾತ್ರ ಅವನ ಹೆಗಲಿಗೆ ಹಳದಿ ಕೆಂಪು ಶಾಲು. ಬೋರ್ಡಿನಲ್ಲಿ ಕನ್ನಡ ಸಣ್ಣದಾಗಿದೆ ಎಂದು ಮಸಿ ಬಳಿಯುವ ಕನ್ನಡಾಭಿಮಾನಿಗಳೇ, ಆ ಬೋರ್ಡಿನ ಒಳಗೆ ಕನ್ನಡ ಹೇಳಿಕೊಡುವವನ ಸಂಬಳ ಎಷ್ಟು ಸಣ್ಣದು ಎಂದು ಒಂದು ದಿನವಾದರೂ ಕೇಳಿದ್ದೀರಾ?

ಸಂಬಳ ಹತ್ತು ತಿಂಗಳಿಗೆ. ಏಪ್ರಿಲ್, ಮೇ ಬಂದರೆ ಮನೆಗೆ ಹೋಗು. ಜೂನಿನಲ್ಲಿ ಹೊಸ ಆರ್ಡರು, ಹೊಸ ಮೇಷ್ಟ್ರು, ಅದೇ ಹಳೆಯ ಮೇಷ್ಟ್ರು. ರಿಜಿಸ್ಟರಿನಲ್ಲಿ ಸಹಿ ಹಾಕುವ ಮೊತ್ತ ಒಂದು, ಕೈಗೆ ಬರುವುದು ಒಂದು. ಬ್ಯಾಂಕಿಗೆ ಹಾಕಿದರೂ ಅರ್ಧ ವಾಪಸು ತಂದುಕೊಡಬೇಕಾದ ಕಡೆಗಳುಂಟು. ಎಲ್ಲಕ್ಕಿಂತ ದೊಡ್ಡ ದಂಧೆ ಮಾರ್ಕ್ಸ್‌ಕಾರ್ಡಿನದು. ಸೇರುವ ದಿನ 'ಪರಿಶೀಲನೆಗೆ' ಎಂದು ಒರಿಜಿನಲ್ ತೆಗೆದುಕೊಳ್ಳುತ್ತಾರೆ, ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ನಡುವೆ ಬಿಟ್ಟರೆ ಮೂರು ತಿಂಗಳ ಸಂಬಳ ಕಟ್ಟಿ ಬಿಡಿಸಿಕೊಳ್ಳಬೇಕು. ನಮ್ಮ ತಾತಂದಿರು ಗೌಡರ ಮನೆಯಲ್ಲಿ ಜೀತಕ್ಕಿದ್ದಾಗ ಸಾಲದ ಪತ್ರ ಗೌಡರ ಪೆಟ್ಟಿಗೆಯಲ್ಲಿ ಇರುತ್ತಿತ್ತು. 1976ರಲ್ಲಿ ಜೀತ ಪದ್ಧತಿ ರದ್ದು ಕಾಯ್ದೆ ಬಂತು, ಪೆಟ್ಟಿಗೆ ತೆರೆಯಿತು. ಈಗ ಮೊಮ್ಮಗನ ಡಿಗ್ರಿಯೇ ಪತ್ರ, ಸೆಕ್ರೆಟರಿಯ ಬೀರುವೇ ಪೆಟ್ಟಿಗೆ. ತಾತನಿಗೆ ಓದು ಬರುತ್ತಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಹೆಣ್ಣುಮಕ್ಕಳ ಪಾಡು ಬೇರೆ. ಕೆ.ಆರ್. ಪೇಟೆ ಕಡೆಯ ನಮ್ಮ ಒಬ್ಬ ತಂಗಿ ಮದುವೆಯಾಗಿ ಬೆಂಗಳೂರಿಗೆ ಹೋದಳು. ನಾಲ್ಕು ವರ್ಷ ಪಾಠ ಮಾಡಿದ ಅನುಭವ ಇತ್ತು. ಹೊಸ ಶಾಲೆಯಲ್ಲಿ ಹಳೆ ಶಾಲೆಯ ಅನುಭವ ಪತ್ರ ಕೇಳಿದರು. ಹಳೆ ಶಾಲೆಯವರು ಪತ್ರ ಕೊಡಲಿಲ್ಲ, ಕೊಟ್ಟರೆ ಅವಳು ನಾಲ್ಕು ವರ್ಷ ಅಲ್ಲಿದ್ದದ್ದು ಕಾಗದದ ಮೇಲೆ ಬರುತ್ತದಲ್ಲ. ನಾಲ್ಕು ವರ್ಷ ಗಾಳಿಗೆ ಹೋಯಿತು. ಮತ್ತೆ ಹೊಸಬಳ ಸಂಬಳ. ಜೊತೆಗೆ ಇನ್ನೊಂದು ಪ್ರಶ್ನೆ: "ಮಕ್ಕಳು ಯಾವಾಗ ಮಾಡ್ಕೊತೀರಾ?" ಊಟದ ಹೊತ್ತಿನಲ್ಲಿ ಸ್ಟಾಫ್‌ರೂಮಿನಲ್ಲಿ ಅವಳು ಡಬ್ಬಿ ತೆರೆದ ಮೊದಲ ದಿನ ಪಕ್ಕದವರು ಕುರ್ಚಿ ಸರಿಸಿದರಂತೆ. ಡಬ್ಬಿಯಲ್ಲಿ ಇದ್ದದ್ದು ಮುದ್ದೆ, ಹುರುಳಿಕಾಳು ಸಾರು. ಮಂಡ್ಯ ಜಿಲ್ಲೆಯಲ್ಲಿ ಎಲ್ಲ ಜಾತಿಯವರೂ ತಿನ್ನುವ ಮುದ್ದೆ!

ಕೆಲಸಕ್ಕಿಂತ ಮೊದಲು ಮನೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡನ್ನು ದಾಟಿ, ಆರೋ ಹತ್ತೋ ತಿಂಗಳ ಅಡ್ವಾನ್ಸು ಹೊಂದಿಸಿ, ಕೊನೆಗೆ 'ನೀವು ಯಾವ ಪೈಕಿ?' ಎಂಬ ಮಾತಿಗೆ ಎದುರಾಗಿ ನಿಲ್ಲಬೇಕು. ಇದು ನಮಗೆ ಹೊಸದಲ್ಲ. 1917ರಲ್ಲಿ ಬಾಬಾಸಾಹೇಬರು ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇಡೀ ಊರಿನಲ್ಲಿ ಅವರಿಗೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ತಂಗುದಾಣದಲ್ಲಿ ಹೆಸರು ಮರೆಮಾಚಿ ಉಳಿದರು, ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಕೆಲಸ ಬಿಟ್ಟು ಮುಂಬಯಿಗೆ ವಾಪಸಾದರು. ಊರು ಬಿಟ್ಟು ಊರಿಗೆ ಹೋಗುವುದು ಎಂದರೆ ಮೇಲ್ಜಾತಿಯವನಿಗೆ ವರ್ಗಾವಣೆ, ನಮಗೆ ಗಡಿಪಾರು. ಅವರು ಹೋದಲ್ಲೆಲ್ಲ ಒಂದು ಅಗ್ರಹಾರ, ಒಂದು ಮಠ, ಒಂದು ಛತ್ರ, ಒಂದು ಜಾತಿ ಹಾಸ್ಟೆಲ್ಲು ಕಾಯುತ್ತಿರುತ್ತದೆ. ಇದೇ ಬೆಟ್ಟದ ಮೇಲಿಂದ ಮಂಡ್ಯಂ ಅಯ್ಯಂಗಾರರು ಮೈಸೂರು, ಬೆಂಗಳೂರು, ಮದ್ರಾಸಿನವರೆಗೂ ಹೋದರು. ಮೇಷ್ಟ್ರಾದರು, ಪ್ರೊಫೆಸರಾದರು. ಯಾರೂ ಅವರ ಡಬ್ಬಿ ಮೂಸಲಿಲ್ಲ. ಇದೇ ಬೆಟ್ಟದ ಮೇಲೆ 1854ರಲ್ಲಿ ಸಂಸ್ಕೃತ ಪಾಠಶಾಲೆ ಹುಟ್ಟಿತು. ಅದಕ್ಕೆ ಆರು ವರ್ಷ ಮೊದಲೇ, 1848ರಲ್ಲಿ, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪಾಠ ಹೇಳಲು ಹೊರಟು ಸಗಣಿ ಏಟು ತಿಂದಿದ್ದರು. ನಮ್ಮ ಮೇಷ್ಟ್ರ ವಂಶಾವಳಿ ಅಲ್ಲಿಂದ ಬಂದದ್ದು.

ಪುರೋಹಿತಶಾಹಿಯೊಂದನ್ನೇ ಬೈದು ಮನೆಗೆ ಹೋಗುವುದು ಸುಲಭ. ಇವತ್ತು ಈ ಸೀಮೆಯಲ್ಲಿ ಶಾಲೆ ನಡೆಸುತ್ತಿರುವವರು ಯಾರು? 1918ರಲ್ಲಿ ಮೈಸೂರು ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿತು. ಬ್ರಾಹ್ಮಣೇತರರಿಗೆ ನೌಕರಿಯಲ್ಲಿ ಪಾಲು ಬೇಕು ಎಂದು ಕೇಳಿದ್ದಕ್ಕೆ ಅದು ಬಂತು. ಅದಕ್ಕೂ ಮೊದಲು, 1906ರಲ್ಲಿ, ಒಕ್ಕಲಿಗರ ಸಂಘ ಹುಟ್ಟಿತು. ವೀರಶೈವರೂ ತಮ್ಮ ವಿದ್ಯಾಸಂಸ್ಥೆ ಕಟ್ಟಿದರು. ಹಾಸ್ಟೆಲು ಕಟ್ಟಿದರು, ಕಾಲೇಜು ಕಟ್ಟಿದರು. ಸರಿಯಾದ ಕೆಲಸ, ಯಾರೂ ತಪ್ಪು ಅನ್ನುವುದಿಲ್ಲ. ಊರ ಮೇಷ್ಟ್ರೆಲ್ಲ ಒಂದೇ ಜಾತಿಯವರಾಗಿದ್ದಾಗ ರೈತನ ಮಗ ಹಿಂದಿನ ಬೆಂಚಿನಲ್ಲಿ ಕೂತು ಏನು ಅನುಭವಿಸಿದ ಎಂಬುದು ಅವರ ತಾತಂದಿರಿಗೆ ಗೊತ್ತಿತ್ತು. ಮೊಮ್ಮಕ್ಕಳಿಗೆ ಮರೆತಿದೆ. ಮೀಸಲಾತಿ ಹತ್ತಿಕೊಂಡು ಮೇಲೆ ಬಂದವರು ಈಗ ಏಣಿ ಎಳೆದುಕೊಂಡು ಅಟ್ಟದ ಮೇಲೆ ಕೂತು "ಪ್ರತಿಭೆ ಇದ್ದರೆ ಹಾರಿ ಬಾ" ಅನ್ನುತ್ತಾರೆ. ಮಠಗಳ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಅನ್ನ ಇದೆ, ಅಕ್ಷರ ಇದೆ, ಒಪ್ಪಿಕೊಳ್ಳುತ್ತೇವೆ. ಅದೇ ಮಠಗಳ ಸ್ಟಾಫ್‌ರೂಮಿನಲ್ಲಿ ನಮ್ಮವರು ಎಷ್ಟು ಮಂದಿ? ಉಣ್ಣಲು ಕೂರಿಸಿದ್ದೀರಿ, ಬಡಿಸಲು ಯಾವಾಗ ಬಿಡುತ್ತೀರಿ?

ಕಾನೂನಿನ ಕತೆ. ಕಾನೂನು ಇಲ್ಲವೇ ಇಲ್ಲ ಎಂದು ನಮ್ಮವರೇ ತಿಳಿದಿದ್ದಾರೆ, ಅದು ಮ್ಯಾನೇಜ್‌ಮೆಂಟಿಗೆ ಬಹಳ ಅನುಕೂಲ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆಗೆ 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂತು. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ನೌಕರಿಗೆ ಅಡ್ಡಿ ಮಾಡುವುದೂ ಅದರಲ್ಲಿ ಅಪರಾಧ. ಖಾಸಗಿ, ಸರ್ಕಾರಿ ಎಂಬ ಭೇದ ಇಲ್ಲ. ಆದರೆ "ಫೋನ್ ಮಾಡ್ತೀವಿ" ಎಂಬ ಮಾತನ್ನು ಯಾವ ಪೊಲೀಸು ಸಾಕ್ಷಿ ಅಂತ ಬರೆದುಕೊಳ್ಳುತ್ತಾನೆ? ಖಾಸಗಿ ಶಾಲೆಯವನು ಮನಸ್ಸಿಗೆ ಬಂದ ಹಾಗೆ ಮೇಷ್ಟ್ರನ್ನು ತೆಗೆಯಬಾರದು ಎಂದು ಈ ರಾಜ್ಯದಲ್ಲಿ 1975ರಲ್ಲೇ ಕಾಯ್ದೆ ಆಯಿತು. 1983ರ ಶಿಕ್ಷಣ ಕಾಯ್ದೆ 1995ರಲ್ಲಿ ಜಾರಿಗೆ ಬಂದಾಗ ಅದರಲ್ಲೂ ಆ ರಕ್ಷಣೆ ಸೇರಿತು: ವಿಚಾರಣೆ ಮಾಡದೆ ವಜಾ ಮಾಡುವಂತಿಲ್ಲ, ಮಾಡಿದರೆ ಮೂರು ತಿಂಗಳೊಳಗೆ ನ್ಯಾಯಮಂಡಳಿಗೆ ಅಪೀಲು. ಒಳ್ಳೆಯದೇ. ಆದರೆ ಹತ್ತು ತಿಂಗಳ ಮೇಷ್ಟ್ರನ್ನು ಯಾರೂ ವಜಾ ಮಾಡುವುದೇ ಇಲ್ಲವಲ್ಲ! ಅವನು ತಾನಾಗಿಯೇ ಮುಗಿದು ಹೋಗುತ್ತಾನೆ, ಪಂಚಾಂಗದ ಹಾಗೆ.

1988ರಲ್ಲಿ ಸುಪ್ರೀಂ ಕೋರ್ಟು ಗೋವಾದ ಸುಂದರಾಂಬಾಳ್ ಎಂಬ ಶಿಕ್ಷಕಿಯ ಮೊಕದ್ದಮೆಯಲ್ಲಿ ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. ಮೇಷ್ಟ್ರ ಕೆಲಸ ಪವಿತ್ರವಾದದ್ದಂತೆ! ಪವಿತ್ರ ಎಂಬ ಮಾತು ಕೇಳಿದಾಗಲೆಲ್ಲ ನಮಗೆ ಹೊಟ್ಟೆ ಹಸಿಯುತ್ತದೆ. ಗ್ರಾಚುಯಿಟಿಯ ವಿಷಯದಲ್ಲಿ 2004ರಲ್ಲಿ ಇಲ್ಲ ಎಂದರು. 2009ರಲ್ಲಿ ಸಂಸತ್ತು ಕಾಯ್ದೆ ತಿದ್ದಿ 1997ರಿಂದಲೇ ಅನ್ವಯ ಎಂದಿತು. ಖಾಸಗಿ ಶಾಲೆಗಳ ಒಕ್ಕೂಟ ಕೋರ್ಟಿಗೆ ಹೋಗಿ ಹದಿಮೂರು ವರ್ಷ ಎಳೆದಾಡಿತು, 2022ರ ಆಗಸ್ಟಿನಲ್ಲಿ ಸೋತಿತು. ಐದು ವರ್ಷ ದುಡಿದ ಮೇಷ್ಟ್ರಿಗೆ ನಾಲ್ಕು ಕಾಸು ಕೊಡಬಾರದು ಎಂದು ಹದಿಮೂರು ವರ್ಷ ವಕೀಲರಿಗೆ ಕೊಟ್ಟವರು ಇವರು. ಈಗ ಐದು ವರ್ಷ ತುಂಬದ ಹಾಗೆ ನೋಡಿಕೊಳ್ಳುತ್ತಾರೆ. ಇಪ್ಪತ್ತು ಮಂದಿ ಇರುವ ಶಾಲೆಗೆ ಭವಿಷ್ಯನಿಧಿ 1982ರಿಂದಲೇ ಅನ್ವಯ. ಆದ್ದರಿಂದ ಎಷ್ಟೋ ಶಾಲೆಗಳ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಮಂದಿ. ಗಣಿತದ ಮೇಷ್ಟ್ರನ್ನು ಇಟ್ಟುಕೊಂಡದ್ದು ಇದಕ್ಕೇ ಇರಬೇಕು.

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಈ ಎಲ್ಲ ಬಣ್ಣ ಒಂದೇ ಮಳೆಗೆ ತೊಳೆದುಹೋಯಿತು. ಅನುದಾನರಹಿತ ಶಾಲೆಯ ಮೇಷ್ಟ್ರುಗಳು ತರಕಾರಿ ಮಾರಿದರು, ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರು. ಊರಿಗೆ ಬಂದು ಅಪ್ಪನ ಪಕ್ಕದಲ್ಲಿ ನಿಂತು ಕಬ್ಬು ಕಡಿದವರು ನಮ್ಮಲ್ಲಿದ್ದಾರೆ. "ಇದಕ್ಕೇನ್ಲಾ ಅಷ್ಟು ವರ್ಷ ಓದಿದ್ದು?" ಎಂದು ಗದ್ದೆಯವನು ಕೇಳಿದ. 2021ರಲ್ಲಿ ಸರ್ಕಾರ ಒಂದು ಸಲಕ್ಕೆ 5,000 ರೂಪಾಯಿ ಪರಿಹಾರ ಎಂದಿತು. ಅದನ್ನು ಪಡೆಯಲು ಇಂಥವರು ನಮ್ಮ ಮೇಷ್ಟ್ರು ಎಂದು ಶಾಲೆ ದಾಖಲೆ ಕೊಡಬೇಕಿತ್ತು. ದಾಖಲೆಯಲ್ಲೇ ಇಲ್ಲದ ಮೇಷ್ಟ್ರಿಗೆ ಯಾರು ಕೊಡುತ್ತಾರೆ?

"ನಮ್ಮ ದುಡ್ಡು, ನಮ್ಮ ಶಾಲೆ, ನಮಗೆ ಬೇಕಾದವರನ್ನು ಇಟ್ಟುಕೊಳ್ಳುತ್ತೇವೆ" ಅನ್ನುತ್ತಾರೆ. ಯಾರ ದುಡ್ಡು ಸ್ವಾಮಿ? ನಗರಗಳಲ್ಲಿ ಎಷ್ಟೋ ಶಾಲೆ ನಿಂತಿರುವುದು ನಾಗರಿಕ ಸೌಲಭ್ಯ ನಿವೇಶನ ಎಂದು ಪ್ರಾಧಿಕಾರ ಗುತ್ತಿಗೆ ಕೊಟ್ಟ ಸಾರ್ವಜನಿಕ ನೆಲದ ಮೇಲೆ. ಟ್ರಸ್ಟು ಎಂದು ಹೇಳಿ ತೆರಿಗೆ ವಿನಾಯಿತಿ ಪಡೆಯುತ್ತೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಶೇಕಡ 25ರ ಸೀಟಿಗೆ ಸರ್ಕಾರದಿಂದ ದುಡ್ಡು ಎಣಿಸಿಕೊಂಡಿರಿ. ಆ ಸೀಟನ್ನೂ ಈ ರಾಜ್ಯ 2019ರಲ್ಲಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಇಲ್ಲ ಎಂದು ಕೈತೊಳೆದುಕೊಂಡಿತು. 2005ರ 93ನೇ ತಿದ್ದುಪಡಿ ಖಾಸಗಿ ಸಂಸ್ಥೆಗಳಲ್ಲಿ ನಮ್ಮ ಮಕ್ಕಳ ಪ್ರವೇಶಕ್ಕೆ ಮೀಸಲು ತರಲು ದಾರಿ ಮಾಡಿತು. ಪಾಠ ಕೇಳುವವನಿಗೆ ಸಂವಿಧಾನದಲ್ಲಿ ಒಂದು ಬಾಗಿಲು ಇಟ್ಟರು, ಪಾಠ ಹೇಳುವವನಿಗೆ ಕಿಟಕಿಯನ್ನೂ ಇಡಲಿಲ್ಲ. ಸಾರ್ವಜನಿಕರ ಒಂದು ಗೇಣು ನೆಲ, ಒಂದು ರೂಪಾಯಿ ವಿನಾಯಿತಿ ಪಡೆದ ಶಾಲೆಯಲ್ಲೂ ರೋಸ್ಟರ್ ಇರಬೇಕು. ಇದು ಬೇಡುವುದಲ್ಲ, ಬಾಡಿಗೆ ಕೇಳುವುದು.

ಇನ್ನು ನಮ್ಮ ಅಣ್ಣಗಳಿಗೆ ಎರಡು ಮಾತು. 1973ರ ಬೂಸಾ ಗಲಾಟೆಯಲ್ಲಿ ಹಾಸ್ಟೆಲ್ ಹುಡುಗರು ಏಟು ತಿಂದರು. ಆ ನೆತ್ತರಿನಿಂದ ದಲಿತ ಸಂಘರ್ಷ ಸಮಿತಿ ಎದ್ದಿತು. ಭೂಮಿಗೆ ಹೋರಾಡಿದಿರಿ, ಹೆಂಡ ಬೇಡ ಎಂದು ಊರೂರು ಹಾಡಿದಿರಿ, ಬ್ಯಾಕ್‌ಲಾಗ್ ಹುದ್ದೆ ತುಂಬಿಸಿದಿರಿ. ನಿಮ್ಮಲ್ಲಿ ಹಲವರು ಲೆಕ್ಚರರಾದಿರಿ, ಆಫೀಸರಾದಿರಿ. ನಮಗೆ ಅದು ಹೆಮ್ಮೆ. ಆದರೆ ನಿಮ್ಮ ಮಕ್ಕಳು ಓದುವ ಕಾನ್ವೆಂಟಿನಲ್ಲಿ ಕನ್ನಡ ಹೇಳಿಕೊಡುವವನು ನಿಮ್ಮ ಕೇರಿಯವನೇ ಇರಬಹುದು, ಒಂದು ಸಲ ಕೇಳಿದ್ದೀರಾ? ಪೇರೆಂಟ್ಸ್ ಮೀಟಿಂಗಿನಲ್ಲಿ ಎದುರು ಕೂತವನು ತನ್ನ ಊರಿನ ಹೆಸರು ನುಂಗಿಕೊಂಡು ಹೇಳಿದಾಗ ಗುರುತು ಸಿಕ್ಕಿಯೂ ಸುಮ್ಮನೆ ಎದ್ದು ಬಂದವರು ಇದ್ದೀರಿ. ಏಪ್ರಿಲ್ ಹದಿನಾಲ್ಕರ ಭಾಷಣದಲ್ಲಿ 'ಶಿಕ್ಷಣ, ಸಂಘಟನೆ, ಹೋರಾಟ' ಎನ್ನುತ್ತೀರಿ. ಶಿಕ್ಷಣ ಆಯಿತು ಅಣ್ಣಾ. ಎರಡನೆಯದಕ್ಕೆ ಯಾವಾಗ ಬರುತ್ತೀರಿ?

ನಮ್ಮ ಕಡೆಯಿಂದ ಆಗಬೇಕಾದ್ದು ಬಹಳ ದೊಡ್ಡದೇನಲ್ಲ. ಮೇ ತಿಂಗಳಲ್ಲಿ ಕೆಲಸ ಹುಡುಕಿ ಹೊರಡುವವರು ಒಬ್ಬೊಬ್ಬರೇ ಹೋಗಬೇಡಿ, ಇಬ್ಬಿಬ್ಬರು ಹೋಗಿ. ಜಾತಿ ಕಾಲಂ ಇರುವ ಅರ್ಜಿಯನ್ನು ತುಂಬುವ ಮೊದಲು ಅದರದೊಂದು ಫೋಟೋ ಹಿಡಿದಿಡಿ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಕೊಡಲೇಬೇಕು ಅಂದರೆ ಪಡೆದಿದ್ದೇವೆ ಎಂದು ಬರೆಸಿಕೊಂಡು ಸೀಲು ಹಾಕಿಸಿಕೊಳ್ಳಿ. ಈಗಾಗಲೇ ಕೊಟ್ಟು ಸಿಕ್ಕಿಹಾಕಿಕೊಂಡವರು ನಾಲ್ಕು ಸಾಲು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ಒಂದು ಪ್ರತಿ ನಮಗೆ ಕಳಿಸಿ. ಹತ್ತು ಪ್ರತಿ ಸೇರಿದರೆ ಹತ್ತೂ ಶಾಲೆಯ ಗೇಟಿಗೆ ತಮಟೆ ತೆಗೆದುಕೊಂಡು ಹೋಗೋಣ. ಅಲ್ಲಿ ನಮ್ಮ ಅಪ್ಪಂದಿರೂ ಬರುತ್ತಾರೆ, ತಮಟೆ ಬಾರಿಸುವುದು ಅವರಿಗೆ ಯಾವ ಬಿ.ಎಡ್. ಕಾಲೇಜೂ ಕಲಿಸಬೇಕಾಗಿಲ್ಲ.

ಮೈಸೂರು, ಮಂಡ್ಯ, ಬೆಂಗಳೂರುಗಳಲ್ಲಿ ಸ್ವಂತ ಮನೆ ಮಾಡಿರುವ, ಬಾಡಿಗೆ ಕೋಣೆ ಇರುವ ನಮ್ಮವರು ವಿಳಾಸ ಕಳಿಸಿ. ಜೂನ್ ಒಂದರಂದು ಹೊಸದಾಗಿ ಸೇರುವವರು ಮೊದಲ ತಿಂಗಳ ಸಂಬಳ ಬರುವವರೆಗೆ ಮಲಗಲು ಒಂದು ಚಾಪೆಯ ಜಾಗ ಸಾಕು. ಊಟಕ್ಕೆ ಮುದ್ದೆ ಅವರೇ ತಿರುವಿಕೊಳ್ಳುತ್ತಾರೆ.